ಆನವಟ್ಟಿಯಲ್ಲಿ ಕರೆಂಟ್ ಹೋದಾಗ

೧೯೯೯ರ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ, ಸೊರಬದ ಬಸ್ ನಿಲ್ದಾಣ. ಮೊದಲು ಶಿಕಾರಿಪುರದ ಬಸ್ಸಿನಿಂದ ದೀಪಶ್ರೀ ಎಂಬ ಯುವತಿ ಇಳಿದರು. ಅನಂತರ ಈ ಊರಿನ ಚನ್ನೇಶ್ ಬಂದು ನಾನು ಕೂತಿದ್ದ ಬೆಂಚಿನ ಬಳಿ ಅವರನ್ನು ಎದುರುಗೊಂಡರು. ಫೋನ್ ಮೂಲಕ ಶಿವಮೊಗ್ಗದ ಕಂಪ್ಯೂಟರಿಗೆ ಸಂಪರ್ಕ ಪಡೆದು, ಹಲವರು ಒಂದೊಂದು ಪಾತ್ರವಾಗಿ, ಮಾತನ್ನು ಟೈಪ್ ಮಾಡಿ ಆಡುವ ಹಳೆಯ ಆಟವೊಂದರಲ್ಲಿ ಆಕೆ ರಾಣಿ, ಈತ ಸೇನಾಪತಿ. ಮುಖ ನೋಡಿದ್ದು ಅಂದೇ ಮೊದಲು.

“ನೀವು ನಿಜವಾಗ್ಲೂ ಇದ್ದೀರಲ್ರೀ!” ಎಂದರು ದೀಪಶ್ರೀ.

“ಯಾಕೆ ಮೇಡಂ, ಇಲ್ಲ ಅಂತ ಮಾಡಿದ್ರಾ?”

“ಹೌದು ಮತ್ತೆ. ಆಟ ನಡೆಸೋ ಗುರುಪ್ರಕಾಶ್ ಅವ್ರು ಹನ್ನೆರಡು ಜನ ಇದೀವಿ, ಆಟ ಇನ್ನೂ ಬಾಳ ವರ್ಷ ನಡೀತದೆ ಅಂತಾರೆ. ಆದ್ರೆ ಅವ್ರ ಆನವಟ್ಟೀಲಿ ಕರೆಂಟ್ ಹೋದ್ರೆ ಸಾಗರದ ಮಂತ್ರಿ, ಹಾವೇರಿ ಕಳ್ಳ, ಎಲ್ರೂ ಒಟ್ಟಿಗೇ ಮಾತು ನಿಲ್ಲಿಸ್ತಾರೆ.”

“ಕಳ್ಳನೂ ಅವ್ರೇನಾ? ನನ್ನ ಕೋಟೆ ದೋಚಿದ್ದು ಅವನೇ ಕಣ್ರೀ!”

“ನಾಲ್ಕು ವರ್ಷ ಕಟ್ಟಿದ ರಾಜ್ಯ ನಂದು. ನಾವಿಬ್ರೂ ಬಿಟ್ರೆ ಏನಾಗ್ತದೆ?”

“ಅವ್ರೊಬ್ರೇ ಉಳೀತಾರೆ. ಆಟ ಮುಗೀತದೆ.”

“ಹಂಗಾದ್ರೆ ನಡೀರಿ, ಎದುರಿಗೇ ಕೇಳಣ.”

“ಕೇಳಿ, ಬಿಟ್ಬಿಡದಾ?”

“ಬಿಡೋದ್ಯಾಕ್ರೀ?” ಎಂದರು ದೀಪಶ್ರೀ. “ಮೊದ್ಲು ಆ ಕಳ್ಳನ್ನ ಸೆರೆಗೆ ಹಾಕಣ.”

ಇಬ್ಬರೂ ಆನವಟ್ಟಿಯ ಬಸ್ ಹತ್ತಿದರು. ಆ ಆಟದಲ್ಲಿ ಉಳಿದಿದ್ದ ನಿಜವಾದ ಆಟಗಾರರು, ಗುರುಪ್ರಕಾಶ್ ಸೇರಿ, ಮೂವರು.