ತಾನಾಗಿ ತೆರೆದುಕೊಳ್ಳುವ ಪುಟ

ತಾಯಂದಿರೇ, ಒಬ್ಬ ಸಂಗೀತದ ಟೀಚರು ಒಲೆಯ ಮೇಲೆ ಸಾರಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಲ್ಯಾಪ್‌ಟಾಪ್ ಗುಂಡಿ ಒತ್ತಿದ್ದಾಳೆ ಎಂದುಕೊಳ್ಳಿ. ಸಾರು ಕುದಿಯಿತು, ಒಗ್ಗರಣೆಯೂ ಬಿತ್ತು. ಪರದೆಯ ಮೇಲಿನ ಚಕ್ರ ಮಾತ್ರ ಇನ್ನೂ ಸುತ್ತುತ್ತಲೇ ಇದೆ. ಇವಳಿಗೊಂದು ಹೆಸರು ಬೇಕೇ? ಕಾತ್ಯಾಯಿನಿ ಎಂದಿಟ್ಟುಕೊಳ್ಳಿ.

ಎದುರು ಬೀದಿಯಲ್ಲಿ ಮೃದುಲಾ. ಇವಳ ಹತ್ತಿರವೇ ಸರಳೆ ವರಸೆ ಕಲಿತವಳು. ಈಗ ಅವಳೂ ಮನೆಯಲ್ಲೇ ಕೂತು ಆನ್‌ಲೈನ್ ಪಾಠ ಹೇಳುತ್ತಾಳೆ, ಹೊಸ ಲ್ಯಾಪ್‌ಟಾಪಿನಲ್ಲಿ. ಕಾತ್ಯಾಯಿನಿಯ ಶಿಷ್ಯರು ಒಬ್ಬೊಬ್ಬರಾಗಿ ಅತ್ತ ಹೋದರು. ಉಳಿದವರಲ್ಲಿ ನಿಜವಾಗಿ ಹಾಡಬಲ್ಲವಳು ಧನ್ಯಾ ಒಬ್ಬಳೇ. ಅವಳ ತಾಯಿಯ ಫೋನು ಬಂತು:

"ಮೇಡಂ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಲ್ಯಾಪ್‌ಟಾಪ್ ನಿಂತು ನಿಂತು ನಿಮ್ಮ ತಾಳ ಒಂದ್ಕಡೆ, ಇವಳ ಹಾಡು ಒಂದ್ಕಡೆ ಆಗ್ತಿದೆ. ಈ ವಾರಾನೂ ಹೀಗೇ ಆದ್ರೆ ಮೃದುಲಾ ಹತ್ರ ಸೇರಿಸ್ತೀವಿ."

ನೋಡಿ, ಕೈ ಸುಟ್ಟರೆ ನೀರಿಗೆ ಹಿಡಿಯಬಹುದು. ಈ ಉರಿಯನ್ನು ಎಲ್ಲಿಗೆ ಹಿಡಿಯುವುದು?

"ನನ್ನ ಹತ್ರ ಕಲಿತವಳಿಗೆ ಹೊಸದು, ನನಗೆ ಈ ಡಬ್ಬ!" ಎಂದು ಮನೆಗೆ ಬಂದ ನಾದಿನಿಯ ಮುಂದೆ ಸಿಡುಕಿದಳು. ನಾದಿನಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು.

"ಆನ್ ಮಾಡಿದ ಕೂಡ್ಲೇ ಇಷ್ಟೆಲ್ಲ ತಾನಾಗೇ ತೆರ್ಕೊಂಡ್ರೆ ಅದಾದ್ರೂ ಏನ್ ಮಾಡುತ್ತೆ ಅತ್ತಿಗೆ? ಈ ಪ್ರಿಂಟರ್‌ದು ಬೇಕಾ?"

"ಪ್ರಿಂಟರ್ ಗುಜರಿಗೆ ಹೋಗಿ ಆಯ್ತಲ್ಲೇ."

"ಈ ಇಸ್ಪೀಟಾಟ?"

"ನಿಮ್ಮಣ್ಣಂದು. ತೆಗಿ."

"ಇದೇನಿದು? ಮೃದುಲಾ ಹಾಡು, ಮೃದುಲಾ ಫೋಟೋ, ಮೃದುಲಾ ಶಿಷ್ಯರ ಕಛೇರಿ... ಅಭಿಮಾನಿ ಸಂಘಕ್ಕೆ ನೀವೇ ಅಧ್ಯಕ್ಷರಾ?"

"ಅದೊಂದು ಇರ್ಲಿ ಬಿಡೇ."

ಇರಲಿ! ಕೇಳಿದಿರಾ? ಉಳಿದದ್ದನ್ನೆಲ್ಲ ಬಿಟ್ಟಳು, ಸುಡುವುದನ್ನು ಇಟ್ಟುಕೊಂಡಳು.

ಮರುದಿನ ಆನ್‌ಲೈನ್ ಪಾಠ. ಧನ್ಯಾ ಹಾಡುತ್ತಿದ್ದಾಳೆ. ಅಷ್ಟು ಹೊತ್ತು ತೆರೆಯಲಾರದೆ ಹಿಂದೆ ಒದ್ದಾಡುತ್ತಿದ್ದ ಪುಟವೊಂದು ಆಗಲೇ ತೆರೆದುಕೊಳ್ಳಬೇಕೇ? ಪಾಠದ ನಡುವೆ ಮೃದುಲಾಳ ಕಂಠ ಮೇಲೇರಿತು.

"ಮೇಡಂ, ಮೃದುಲಾ ಮಿಸ್ ನಿಮ್ಮನೆಗೆ ಬಂದಿದಾರಾ?"

"ಇಲ್ಲ ಪುಟ್ಟಿ. ಅದು... ರೇಡಿಯೋ."

"ಅಯ್ಯೋ, ರೇಡಿಯೋದಲ್ಲೂ ಬರ್ತಾರಾ ಅವ್ರು!"

ನೋಡಿ, ತನ್ನ ಬಾಯಿಂದಲೇ ಅವಳನ್ನು ಎತ್ತಿ ರೇಡಿಯೋದಲ್ಲಿ ಕೂರಿಸಿದಳು.

ಕಾತ್ಯಾಯಿನಿಯ ಮುಖ ಕೆಂಪಾಯಿತು. ಆ ಪುಟಗಳನ್ನೆಲ್ಲ ಮುಚ್ಚಿ, "ಮೊದಲಿಂದ ಹಾಡಮ್ಮ" ಎಂದಳು. ತಾಳ ಕೂಡಿತು. ಆಗ ಕೇಳಿಸಿತು: ಹುಡುಗಿ ಮೇಲಿನ ಷಡ್ಜದ ಹತ್ತಿರ ಹೋಗಿ, ಮುಟ್ಟದೆ ವಾಪಸಾಗುತ್ತಿದ್ದಾಳೆ. ಎಂದಿನಿಂದಲೋ! ಟೀಚರ ಕಿವಿ ಎದುರು ಬೀದಿಯಲ್ಲಿತ್ತಲ್ಲ. ಹೇಳಿಕೊಟ್ಟಳು, ಮತ್ತೆ ಹೇಳಿಕೊಟ್ಟಳು. ಹುಡುಗಿ ಷಡ್ಜದಲ್ಲಿ ನಿಂತಳು. ಅತ್ತಲಿಂದ ತಾಯಿಯ ದನಿ: "ಮುಂದಿನ ವಾರಾನೂ ಇದೇ ಹೊತ್ತಿಗೆ ಅಲ್ವಾ ಮೇಡಂ?"

ಹೊಟ್ಟೆಕಿಚ್ಚು ಆರಿತೇ? ಸುಳ್ಳು ಹೇಳಲಾರೆ ತಾಯಂದಿರೇ, ಆರಲಿಲ್ಲ. ಆದರೆ ನಾಳೆ ಎದ್ದಾಗ ನೀವೂ ನೋಡಿಕೊಳ್ಳಿ. ಹಾಲಿನ ಪ್ಯಾಕೆಟ್ಟು ಕತ್ತರಿಸುವ ಮೊದಲೇ ಮನಸ್ಸಿನಲ್ಲಿ ಏನು ತೆರೆದುಕೊಳ್ಳುತ್ತದೆ? ಓರಗಿತ್ತಿಯ ಸರವೇ? ಮೇಲಿನ ಮನೆಯವಳ ಮಗಳ ಮಾರ್ಕೇ? ಫೋನೆತ್ತಿ ಅವರ ಫೋಟೋ ನೋಡುವುದನ್ನು ಬಿಡಿ. ಎದುರಿಗೆ ಕೂತ ನಿಮ್ಮ ಮಗು ಏನು ಹೇಳುತ್ತಿದೆ, ಅದನ್ನು ಪೂರ್ತಿ ಕೇಳಿ.

ಆ ಸಂಜೆ ಕಾತ್ಯಾಯಿನಿ ಮೃದುಲಾಳ ಪುಟಗಳು ಇನ್ನೆಂದೂ ತಾವಾಗಿ ತೆರೆಯದಂತೆ ತೆಗೆದುಹಾಕಿದಳು. ತಾನೂ ಹುಡುಕಿಕೊಂಡು ಹೋಗಬಾರದೆಂದು ಮನಸ್ಸಿನಲ್ಲೇ ತೀರ್ಮಾನಿಸಿದಳು.

"ಏನೇ, ಲ್ಯಾಪ್‌ಟಾಪ್ ಚುರುಕಾಗಿಬಿಟ್ಟಿದೆ!" ಎಂದ ಗಂಡ.

"ನಿಮ್ಮ ತಂಗಿ ಏನೋ ಮಾಡಿದ್ಲು" ಎಂದು ತಟ್ಟೆ ಹಾಕಿದಳು.