ಎರಡೂವರೆ ಚಮಚ

ಮಕ್ಕಳ ಡಾಕ್ಟರ ಕೋಣೆಯ ಹೊರಗೆ, ನಾನು ಕೂತಿದ್ದ ಬೆಂಚಿನಲ್ಲೇ ಅಕ್ಕ ತಂಗಿಯರಿಬ್ಬರು ಕಾಯುತ್ತಿದ್ದರು. ತಂಗಿಯ ಮಡಿಲಲ್ಲಿ ಮೂರು ತಿಂಗಳ ಹೆಣ್ಣುಮಗು. ಎದುರು ಗೋಡೆಯಲ್ಲಿ ‘ತಾಯಿಯ ಹಾಲು ಅಮೃತ, ಅದೂ ಉಚಿತ’ ಎಂಬ ಭಿತ್ತಿಪತ್ರ.

“ನೋಡಕ್ಕ, ಉಚಿತವಂತೆ. ಹೊಲಿಗೆ ಕಾರ್ಖಾನೆಯ ನಮ್ಮ ಸೂಪರ್‌ವೈಸರಿಗೂ ಇದೊಂದು ಅಂಟಿಸಿಕೊಡಬೇಕು.”

“ಯಾಕೆ, ರಜೆ ಕೊಡಲಿಲ್ವಾ?”

“ಧಾರಾಳವಾಗಿ ಕೊಟ್ರು, ಸಂಬಳ ಇಲ್ಲದ್ದು. ತಿಂಗಳಿಗೇ ವಾಪಸ್ ಹೋದೆ. ಹಾಲು ಬತ್ತಿಹೋಯ್ತು.”

“ಡಬ್ಬಿ ಹಾಲಿಗೆ ನಿನ್ನ ಗಂಡ ಏನಂದ್ರು?”

“ರೇಟು ಕೇಳಿ, ಚಿನ್ನದ ಪುಡಿ ಹಾಕಿದ್ದಾರಾ ಅಂದ್ರು. ಬೇಜಾರಾಯ್ತು ಅಂತ ಸಿಗರೇಟು ತರೋಕೆ ಹೋದ್ರು.”

ಅಕ್ಕ ನಕ್ಕಳು. “ತಿಂಗಳಿಗೆ ಎಷ್ಟು ಡಬ್ಬಿ?”

“ಎಂಟು ಬೇಕಂತೆ. ನಾನು ಐದರಲ್ಲೇ ಸುಧಾರಿಸ್ತೀನಿ.”

“ಅದು ಹೆಂಗೆ?”

ತಂಗಿ ಮಗುವಿನ ಟೋಪಿ ಸರಿಮಾಡಿದಳು. “ನಾಲ್ಕು ಚಮಚ ಪುಡಿ ಹಾಕೋ ಕಡೆ ಎರಡೂವರೆ. ನೀರು ಮಾತ್ರ ಅಷ್ಟೇ.”

“ಆಹಾ, ಎಂಥಾ ಬುದ್ಧಿವಂತೆ! ಅದಕ್ಕೇ ಇವಳ ಕಾಲು ಕಡ್ಡಿ ಥರ ಇರೋದು.”

“ಡಾಕ್ಟರ ಮುಂದೆ ಹೇಳ್ಬೇಡಕ್ಕ.”

“ನಾನ್ಯಾಕೆ ಹೇಳ್ಲಿ? ತೂಕದ ಮೆಷಿನ್ನೇ ಹೇಳುತ್ತೆ.”

ನರ್ಸ್ ಕರೆದಳು. ತಂಗಿ ಏಳಲಿಲ್ಲ. ಅಕ್ಕ ಅವಳ ಮುಖ ನೋಡಿ, ಮಗುವನ್ನು ಎತ್ತಿಕೊಂಡಳು.

“ಏಳೇ. ಹಾಲು ಕಲಸೋದು ನಾನೇ, ಅಳತೆ ನನಗೇ ಗೊತ್ತಾಗಲಿಲ್ಲ ಅಂತೀನಿ. ಬೈಸಿಕೊಂಡು ನನಗೆ ಅಭ್ಯಾಸ ಇದೆ.”

ತಂಗಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದಳು.

“ಬೇಡ, ಕೊಡಿಲ್ಲಿ. ನಾನೇ ಹೇಳ್ತೀನಿ.”

ಮಗುವನ್ನು ಇಸಕೊಂಡು ಅವಳೇ ಮೊದಲು ಒಳಗೆ ಹೋದಳು.