ಫಲೆಸಿ ಕೇಳುವ ಮಾತ್ರೆ

ಮಲಾವಿ ಸರೋವರದ ದಡದ ನಮ್ಮೂರಲ್ಲಿ ಆ ಸಂಜೆ ತಗಡಿನ ಮಾಡಿನ ಮೇಲೆ ಮಳೆ ಕಲ್ಲು ಸುರಿದಂತೆ ಸುರಿಯುತ್ತಿತ್ತು. ಒಣಗಲು ಹಾಕಿದ್ದ ಸಣ್ಣ ಮೀನನ್ನು ಬಾಚಿಕೊಂಡು ಎಲುಬೆ ಅಜ್ಜಿಯ ಜಗಲಿಗೆ ಓಡಿಬಂದವರು ಅಲ್ಲೇ ಉಳಿದೆವು. ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ನರ್ಸ್ ತಿಯಾಮಿಕೆಯೂ ಕೊಡೆ ಮಡಚಿ ನಮ್ಮ ನಡುವೆ ಕೂತಳು. ಅಜ್ಜಿ ಅದೇ ಕೇಂದ್ರದ ನೆಲ ಒರೆಸುತ್ತ ಮುದುಕಿಯಾದವಳು. ಮೆಕ್ಕೆಜೋಳದ ತೆನೆಯನ್ನು ಕೆಂಡದ ಮೇಲೆ ಹೊರಳಿಸುತ್ತ ತಾನಾಗಿಯೇ ಶುರುಮಾಡಿದಳು.

“ಮಳೆಗಾಲದಲ್ಲಿ ಮಲೇರಿಯಾ ನಿಮಗೇನು ಹೊಸದಾ? ಆದ್ರೆ ಆ ವರ್ಷ ಇತ್ತಲ್ಲ ಮಕ್ಕಳಾ... ಕೇಂದ್ರದ ಅಂಗಳದಲ್ಲಿ ಕಾಲಿಡೋಕೆ ಜಾಗ ಇರ್ಲಿಲ್ಲ. ಆಗ ನಮ್ಮ ಡಾಕ್ಟ್ರು ಚಿಕೋತಿ. ಕೆಟ್ಟವನಲ್ಲ. ಹಳೇ ಮಾತ್ರೆಗೆ ಜ್ವರ ಬಗ್ತಿಲ್ಲ, ಇನ್ಮೇಲೆ ಹೊಸದನ್ನೇ ಕೊಡಿ ಅಂತ ಮೇಲಿಂದ ಹೇಳಿ, ಹೊಸದನ್ನ ಕಳಿಸಿಯೂ ಇದ್ರು. ಆದ್ರೆ ಕಳಿಸಿದ್ದು ಎಷ್ಟು? ಕಪಾಟಿನ ಒಂದು ಮೂಲೆ ತುಂಬ್ಲಿಲ್ಲ. ಹಳೇದು ಡಬ್ಬಿಗಟ್ಟಲೆ ಬಿದ್ದಿತ್ತು. ‘ಎಲುಬೆ, ಹೊಸದನ್ನ ಎಲ್ರಿಗೂ ಹಂಚಿಬಿಟ್ರೆ, ನಾಳೆ ಇನ್ನೂ ಕಷ್ಟದಲ್ಲಿರೋರು ಬಂದಾಗ ಏನು ಕೊಡ್ಲಿ?’ ಅಂತಿದ್ದ. ಅವನ ಜಾಗದಲ್ಲಿ ನೀವಿದ್ರೆ ಏನು ಮಾಡ್ತಿದ್ರಿ?

“ಹೊಳೆಯಾಚೆಯಿಂದ ಫಲೆಸಿ ಬಂದ್ಲು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಒಬ್ಬನೇ ಮಗ, ಯಾಂಕೊ. ಮೈ ಕೆಂಡ... ಆದ್ರೂ ನಗ್ತಾ ಡಾಕ್ಟ್ರ ಕೊರಳಲ್ಲಿದ್ದ ಎದೆ ನೋಡೋ ನಳಿಗೆ ಹಿಡಿದು ಜಗ್ತಿದ್ದ. ‘ಡಾಕ್ಟ್ರೇ, ಯಾವ ಮಾತ್ರೆ ಕೊಡ್ತೀರಿ? ಅತ್ತಿಗೆ ಮಗೂಗೆ ಹಳೇದು ನಾಟ್ಲಿಲ್ಲ’ ಅಂದ್ಲು. ‘ಓಹೋ, ಬಾರಮ್ಮ, ನೀನೇ ಕೂತ್ಕೋ ಈ ಕುರ್ಚೀಲಿ! ಇಷ್ಟು ನಗೋ ಮಗೂಗೆ ಹಳೇದೇ ಸಾಕು’ ಅಂದು ಕೊಟ್ಟು ಕಳಿಸ್ದ.

“ಮತ್ತೆ ಬಂದಾಗ ಮಗೂಗೆ ಕತ್ತು ನಿಲ್ತಿರ್ಲಿಲ್ಲ. ಚಿಕೋತಿ ತಾನೇ ಓಡಿಬಂದು ಸೂಜಿ ಚುಚ್ಚಿದ, ಎದೆ ಉಜ್ಜಿದ, ಏನೇನೋ ಮಾಡ್ದ... ಆಗ್ಲಿಲ್ಲ. ಅವಳು ಅಳ್ಲಿಲ್ಲ ನೋಡಿ. ಬದುಕಿರೋ ಮಗೂನ ಕಟ್ಕೊಳ್ಳೋ ಹಾಗೇ ಅದನ್ನ ಬೆನ್ನಿಗೆ ಬಟ್ಟೇಲಿ ಬಿಗಿದು ಮಳೇಲಿ ಹೊರಟ್ಲು. ಹೊಳೆ ಉಕ್ಕಿತ್ತು. ದೋಣಿಯವರು ನಿಲ್ಲು ನಿಲ್ಲು ಅಂತ ಕೂಗ್ತಾನೇ ಇದ್ರು, ಇವಳು ಅಂಗಳ ದಾಟೋ ಹಾಗೆ ನೀರಿಗೆ ಇಳಿದ್ಲು. ತಾಯೀನೂ ಸಿಗ್ಲಿಲ್ಲ, ಮಗೂನೂ ಸಿಗ್ಲಿಲ್ಲ.”

ತಿಯಾಮಿಕೆ ನಗಲು ನೋಡಿದಳು. “ಈಗ ದೆವ್ವ ಆಗಿ ಬಂದ್ಲು ಅಂತೀರಾ? ನಮ್ಮ ಸಾಲಲ್ಲಿ ನಿಲ್ಲೋಕೆ ದೆವ್ವಕ್ಕೂ ತಾಳ್ಮೆ ಇರಲ್ಲ ಅಜ್ಜಿ!”

“ಇತ್ತು ಮಗಳೇ. ಸಾಲಿನ ಕೊನೇಲೇ ಇದ್ಲು” ಎಂದಳು ಅಜ್ಜಿ. “ಮುಂದಿನ ಮಳೆಗಾಲ, ಇಂಥದ್ದೇ ಸಂಜೆ. ಎಲ್ರೂ ಹೋದ್ಮೇಲೆ ಬೆಂಚಲ್ಲಿ ಒಬ್ಳು ಮಗೂನ ಬೆನ್ನಿಗೆ ಕಟ್ಕೊಂಡು ತಲೆ ತಗ್ಗಿಸಿ ಕೂತಿದ್ಲು. ನಾನು ಅಲ್ಲೇ ನೆಲ ಒರೆಸ್ತಿದ್ದೆ. ಚಿಕೋತಿ ತಲೆ ಎತ್ತದೆ ‘ಬಾ’ ಅಂದ. ‘ಡಾಕ್ಟ್ರೇ, ಯಾವ ಮಾತ್ರೆ ಕೊಡ್ತೀರಿ?’... ‘ಹಳೇದಿದೆಯಲ್ಲ’ ಅಂತ ಅಭ್ಯಾಸಕ್ಕೆ ಬಾಯಿಗೆ ಬಂತು ಅವನಿಗೆ. ‘ಅದನ್ನ ಕೊಟ್ಟಾಯ್ತಲ್ಲ’ ಅಂದ್ಲು. ಬೆನ್ನಿನ ಗಂಟು ಬಿಚ್ಚಿದ್ಲು. ಬಟ್ಟೆಯಿಂದ ಬಿದ್ದದ್ದು ಏನು ಗೊತ್ತಾ? ನೀರು... ಹೊಳೆ ಮರಳು... ಇನ್ನೇನೂ ಇಲ್ಲ. ನಾನು ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಅವಳೂ ಇಲ್ಲ.

“ಮಾರನೇ ದಿನ ಚಿಕೋತಿಗೇ ಚಳಿಜ್ವರ. ಹೊಸ ಮಾತ್ರೆ ತಗೊಂಡ, ಒಂದೂ ತಪ್ಪಿಸದೆ ಮುಗಿಸ್ದ, ಜ್ವರ ಬಿಡ್ತು, ರಕ್ತ ಚೊಕ್ಕ ಆಯ್ತು. ಆದ್ರೆ ಬೆನ್ನು ನೆಟ್ಟಗಾಗ್ಲಿಲ್ಲ. ‘ಎಲುಬೆ, ಹಿಂದೆ ಏನೋ ಒದ್ದೆ ಜೋತುಬಿದ್ದಿದೆ, ನೋಡು’ ಅಂತಿದ್ದ. ನೋಡಿದ್ರೆ ಏನೂ ಇಲ್ಲ. ಆಮೇಲೆ ಬಂದ ಮಕ್ಕಳಿಗೆಲ್ಲ ಹೊಸದನ್ನೇ ಕೊಟ್ಟ, ಮುಗಿದ್ರೆ ಸೈಕಲ್ ತುಳ್ಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿ ಬೇಡಿ ತಂದ. ಅಷ್ಟು ಮಾಡಿದ್ರೂ, ಸಾಯೋವರೆಗೂ ಎರಡೂ ಕೈ ಹಿಂದೆ ಕಟ್ಕೊಂಡು, ಮಗು ಜಾರದ ಹಾಗೆ ತಾಯಿ ಹಿಡೀತಾಳಲ್ಲ, ಹಾಗೇ ಬಗ್ಗಿ ನಡೀತಿದ್ದ.”

ಅಜ್ಜಿ ತೆನೆಯನ್ನು ಕೆಂಡದಿಂದ ತೆಗೆದಳು. ಆಮೇಲೆ ತಿಯಾಮಿಕೆಯ ಕಡೆ ತಿರುಗಿದಳು.

“ಆಗ್ಲೇ ನೀನು ಕೇಂದ್ರದ ಬಾಗಿಲು ಹಾಕಿ ಹೊರಟಾಗ ಬೆಂಚಲ್ಲಿದ್ದವಳ ಜೊತೆ ಮಾತಾಡ್ತಿದ್ಯಲ್ಲ, ಈ ಜಗಲಿಯಿಂದ್ಲೇ ನೋಡ್ದೆ. ಅವಳು ಏನು ಕೇಳಿದ್ಲು?”

ತಿಯಾಮಿಕೆ ಮಡಚಿದ ಕೊಡೆಯನ್ನು ಮಡಿಲಿಗೆ ಎಳೆದುಕೊಂಡಳು. “ಯಾವ ಮಾತ್ರೆ ಕೊಡ್ತೀರಿ ಅಂತ... ಹೊಸದೆಲ್ಲ ಖಾಲಿ, ಲಾರಿ ಬರೋವರೆಗೂ ಕಾಯ್ಬೇಕು ಅಂದೆ.”

“ಅದಕ್ಕೆ ಅವಳು?”

“ಕಾಯ್ತೀನಿ ಅಂದ್ಲು.”

“ಕಾಯ್ತಾಳೆ” ಎಂದಳು ಅಜ್ಜಿ. “ನಿನ್ನ ಬೆನ್ನು ಯಾಕೆ ಹಾಗೆ ಬಗ್ಗಿದೆ ಮಗಳೇ?”